ಹಿತಕಾರಿ ಅಣುಜೀವಿಗಳಿಗೆ ರಕ್ಷಾ ಕವಚ

ತೊಗರಿ, ಶೇಂಗಾ, ಸೋಯಾ ಅವರೆ ಬೀಜಗಳಿಗೆ ರೈಜೋಬಿಯಂ ಅಣುಜೀವಿ ಗೊಬ್ಬರವನ್ನು ಲೇಪಿಸಿ ಬಿತ್ತುವ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಬೆಲ್ಲದ ಪಾಕದಲ್ಲಿ ಕಲಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕೆಂಬುದನ್ನೂ ಅವರು ಬಲ್ಲರು. ಪೊಟ್ಟಣವನ್ನು ಬಿಸಿಲಿನಲ್ಲಿ ಬಿಟ್ಟರೆ ಅಥವಾ ಉಪಚರಿಸಿದ ಬೀಜವನ್ನು ರಾಸಾಯನಿಕ ಗೊಬ್ಬರದೊಡನೆ ಬೆರೆಸಿದರೆ ಅಣುಜೀವಿಗಳು ಸಾಯುತ್ತವೆ. ಪುಡಿಯ ಬಣ್ಣ ಬದಲಾಗುವುದಿಲ್ಲ, ತೂಕವೂ ಕಡಮೆಯಾಗುವುದಿಲ್ಲ. ಆದರೆ ಬೇರಿನಲ್ಲಿ ಗಂಟು ಮೂಡುವುದಿಲ್ಲ. ಹಣ ಕೊಟ್ಟು ತಂದದ್ದು ಬರಿಯ ಕಪ್ಪು ಪುಡಿಯಾಗಿ ಉಳಿಯುತ್ತದೆ.

ಇದೇ ಕಷ್ಟ ಈಗ ಇನ್ನೊಂದು ಕಡೆಯಿಂದಲೂ ರೈತನ ಮನೆಗೆ ಬಂದಿದೆ. ಮಕ್ಕಳ ಹೊಟ್ಟೆಗೆ ಒಳ್ಳೆಯದೆಂದು ಮಾರುವ ಪ್ರೊಬಯಾಟಿಕ್ ಪಾನೀಯ, ಔಷಧ ಅಂಗಡಿಯ ಪುಡಿ, ಕರುಗಳಿಗೆ ಹಾಗೂ ಕೋಳಿಮರಿಗಳಿಗೆ ಕೊಡುವ ಪೊಟ್ಟಣ ಇವೆಲ್ಲವೂ ಜೀವಂತ ಅಣುಜೀವಿಗಳ ಸರಕುಗಳೇ. ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ಜೀವಿಗಳನ್ನು ತುಂಬಿರಬಹುದು. ಆದರೆ ಅವು ಒಣಗುವಾಗ, ಸಾಗಣೆಯಲ್ಲಿ, ಅಂಗಡಿಯ ಕಪಾಟಿನಲ್ಲಿ, ಕೊನೆಗೆ ಹೊಟ್ಟೆಯ ಹುಳಿಯಲ್ಲಿ ಸತ್ತರೆ ಕರುಳಿಗೆ ತಲಪುವುದೇನು? ಈ ನಷ್ಟವನ್ನು ತಗ್ಗಿಸಲು ಪ್ರತಿಯೊಂದು ಜೀವಿ ಗುಂಪಿನ ಸುತ್ತಲೂ ತೆಳುವಾದ ಹೊದಿಕೆ ಕಟ್ಟುವ ಕ್ರಮ ಬಳಕೆಗೆ ಬಂದಿದೆ. ಇದನ್ನು ಸೂಕ್ಷ್ಮ ಕವಚ ವಿಧಾನ ಎನ್ನಬಹುದು. ಈ ಕವಚ ಏನನ್ನು ಕಾಪಾಡಬಲ್ಲುದು, ಏನನ್ನು ಕಾಪಾಡಲಾರದು ಎಂಬುದನ್ನು ತಿಳಿದಿದ್ದರೆ ಹಣ ವ್ಯರ್ಥವಾಗುವುದು ತಪ್ಪುತ್ತದೆ.

ಹಿತಕಾರಿ ಅಣುಜೀವಿಗಳು ಯಾವುವು?

ಅಣುಜೀವಿಗಳೆಂದರೆ ರೋಗ ತರುವ ಕ್ರಿಮಿಗಳು ಎಂಬ ಭಾವನೆ ಸಾಮಾನ್ಯ. ಆದರೆ ಮಣ್ಣಿನಲ್ಲಿರುವಂತೆಯೇ ನಮ್ಮ ಕರುಳಿನಲ್ಲಿಯೂ ಉಪಕಾರ ಮಾಡುವ ಅಣುಜೀವಿಗಳು ಅಸಂಖ್ಯಾತವಾಗಿವೆ. ೧೯೦೫ರಲ್ಲಿ ಬಲ್ಗೇರಿಯದ ವೈದ್ಯ ಸ್ಟಾಮೆನ್ ಗ್ರಿಗೊರೊವ್ ತನ್ನ ದೇಶದ ಮೊಸರಿನಲ್ಲಿದ್ದ ಕೋಲಿನಾಕಾರದ ಜೀವಿಯೊಂದನ್ನು ಗುರುತಿಸಿದನು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ, ೧೯೦೮ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಎಲಿ ಮೆಚ್ನಿಕಾಫ್, ಹುಳಿ ಹಾಲಿನ ಸೇವನೆಗೂ ದೀರ್ಘಾಯುಷ್ಯಕ್ಕೂ ಸಂಬಂಧವಿದೆಯೆಂದು ವಾದಿಸಿದನು. ಆತನ ವಾದವೆಲ್ಲ ರುಜುವಾತಾಗದಿದ್ದರೂ ಈ ವಿಷಯದ ಅಭ್ಯಾಸಕ್ಕೆ ಅಲ್ಲಿಂದ ಚಾಲನೆ ದೊರೆಯಿತು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೦೧ರಲ್ಲಿ ಕೊಟ್ಟ ವ್ಯಾಖ್ಯೆಯ ಸಾರಾಂಶ ಹೀಗಿದೆ: ಜೀವಂತವಾಗಿದ್ದು, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರ ಆರೋಗ್ಯಕ್ಕೆ ಪ್ರಯೋಜನ ಉಂಟುಮಾಡುವ ಅಣುಜೀವಿಗಳೇ ಪ್ರೊಬಯಾಟಿಕ್‌ಗಳು. ಇದರಲ್ಲಿ ಮೂರು ಷರತ್ತುಗಳಿವೆ. ಜೀವಿ ಬದುಕಿರಬೇಕು, ಸಂಖ್ಯೆ ಸಾಲಬೇಕು, ಪ್ರಯೋಜನ ಪರೀಕ್ಷೆಯಿಂದ ಸಿದ್ಧವಾಗಿರಬೇಕು. ಲ್ಯಾಕ್ಟೋಬ್ಯಾಸಿಲಸ್ ಮತ್ತು ಬೈಫಿಡೋಬ್ಯಾಕ್ಟೀರಿಯಂ ಗುಂಪಿನ ಜೀವಿಗಳು ಹೆಚ್ಚು ಬಳಕೆಯಲ್ಲಿವೆ. ಇವುಗಳಲ್ಲಿಯೂ ತಳಿಯಿಂದ ತಳಿಗೆ ಗುಣ ಬೇರೆ. ಒಂದು ಭತ್ತದ ತಳಿ ಬೆಂಕಿರೋಗ ತಡೆದರೆ ಎಲ್ಲ ಭತ್ತವೂ ತಡೆಯುವುದೆಂದು ಹೇಳಲಾಗದಷ್ಟೆ? ಹಾಗೆಯೇ ಇದು.

ಸರಿಯಾದ ತಳಿ ಸರಿಯಾದ ಸಂಖ್ಯೆಯಲ್ಲಿ ತಲಪಿದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದ್ದೇ ಆದ ಒಂದು ನಿದರ್ಶನವಿದೆ. ಒಡಿಶಾದ ಹಳ್ಳಿಗಳಲ್ಲಿ ೪,೫೫೬ ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನವೊಂದರ ವರದಿ ೨೦೧೭ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಎಂಬ ಜೀವಿಯ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಡನೆ, ೭ ದಿನ ಬಾಯಿಯ ಮೂಲಕ ಕೊಡಲಾಯಿತು. ಕೊಡದ ಶಿಶುಗಳಲ್ಲಿ ರಕ್ತದ ನಂಜು ಅಥವಾ ಮರಣ ಶೇಕಡ ೯ರಷ್ಟಿದ್ದರೆ, ಕೊಟ್ಟ ಶಿಶುಗಳಲ್ಲಿ ಶೇಕಡ ೫.೪ರಷ್ಟಿತ್ತು. ಈ ಶಿಶುಗಳು ತಕ್ಕಷ್ಟು ತೂಕವಿದ್ದವು, ಬೇರೆ ತೊಂದರೆಯಿಲ್ಲದವು. ತಳಿಯೂ ಆರಿಸಿ ತೆಗೆದದ್ದು. ಆದ್ದರಿಂದ ಅಂಗಡಿಯ ಯಾವುದೋ ಪುಡಿಯನ್ನು ಹಸುಗೂಸಿಗೆ ಕೊಡಬಹುದೆಂದು ಇದರಿಂದ ತಿಳಿಯಬಾರದು. ವೈದ್ಯರ ಸಲಹೆಯಿಲ್ಲದೆ ಶಿಶುಗಳಿಗೆ ಇವನ್ನು ಕೊಡಲೇಬಾರದು.

ಲೆಕ್ಕ ಹಾಕಬೇಕಾದದ್ದು ಎಲ್ಲಿ?

ಬಿತ್ತನೆ ಬೀಜ ಕೊಳ್ಳುವಾಗ ಚೀಲದಲ್ಲಿ ಎಷ್ಟು ಕಾಳುಗಳಿವೆ ಎಂಬುದಕ್ಕಿಂತ ನೂರಕ್ಕೆ ಎಷ್ಟು ಮೊಳೆಯುತ್ತವೆ ಎಂಬುದು ಮುಖ್ಯ. ಅಣುಜೀವಿಗಳ ವಿಷಯದಲ್ಲಿಯೂ ತುಂಬಿದ ಸಂಖ್ಯೆ ಬೇರೆ, ಕರುಳಿಗೆ ತಲಪಿದ ಸಂಖ್ಯೆ ಬೇರೆ.

ಒಂದು ಉದಾಹರಣೆ ನೋಡಬಹುದು. ಒಂದು ಪೊಟ್ಟಣದಲ್ಲಿ ೧೦೦ ಕೋಟಿ ಜೀವಿಗಳಿದ್ದವೆಂದು ಇಟ್ಟುಕೊಳ್ಳೋಣ. ಒಣಗಿಸುವಾಗ ೧೦ರಲ್ಲಿ ೯ ಸತ್ತರೆ ಉಳಿದದ್ದು ೧೦ ಕೋಟಿ. ಅಂಗಡಿಯ ದಾಸ್ತಾನಿನಲ್ಲಿ ಮತ್ತೆ ೧೦ರಲ್ಲಿ ೯ ಸತ್ತರೆ ೧ ಕೋಟಿ. ಜಠರದಲ್ಲಿ ಮತ್ತೆ ಅದೇ ಪ್ರಮಾಣದಲ್ಲಿ ಸತ್ತರೆ ಕರುಳಿಗೆ ಬರುವುದು ಕೇವಲ ೧೦ ಲಕ್ಷ, ಅಂದರೆ ಸಾವಿರಕ್ಕೆ ಒಂದು. ಇದಕ್ಕೆ ಬದಲು ಪ್ರತಿ ಹಂತದಲ್ಲಿಯೂ ಅರ್ಧದಷ್ಟನ್ನು ಉಳಿಸಿಕೊಂಡರೆ ಕೊನೆಗೆ ಹನ್ನೆರಡೂವರೆ ಕೋಟಿ ಉಳಿಯುತ್ತವೆ. ಇದು ತಿಳಿವಳಿಕೆಗಾಗಿ ಹಾಕಿದ ಲೆಕ್ಕ. ನಿಜವಾದ ನಷ್ಟ ತಳಿ ಮತ್ತು ತಯಾರಿಕೆಯನ್ನು ಅವಲಂಬಿಸಿದೆ. ಆದರೂ ಸರಪಳಿಯ ಒಂದೊಂದು ಕೊಂಡಿಯಲ್ಲಿ ಕಾಪಾಡಿದ್ದು ಕೊನೆಯಲ್ಲಿ ನೂರು ಪಟ್ಟಿಗೂ ಮಿಗಿಲಾಗಿ ಕಾಣುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ೨೦೧೬ರ ನಿಯಮಗಳಂತೆ, ಪ್ರೊಬಯಾಟಿಕ್ ಎಂದು ಮಾರುವ ಆಹಾರದ ಒಂದು ದಿನದ ಸೇವನೆಯಲ್ಲಿ ಸಾಮಾನ್ಯವಾಗಿ ೧೦ ಕೋಟಿಗೆ ಕಡಮೆಯಿಲ್ಲದಷ್ಟು ಜೀವಂತ ಅಣುಜೀವಿಗಳಿರಬೇಕು. ಹೋಲಿಕೆಗಾಗಿ ಹೇಳುವುದಾದರೆ, ರಸಗೊಬ್ಬರ ನಿಯಂತ್ರಣ ಆದೇಶವು ರೈಜೋಬಿಯಂ ಪುಡಿಗೆ ಗೊತ್ತುಪಡಿಸಿರುವ ಸಂಖ್ಯೆ ಗ್ರಾಂ ಒಂದಕ್ಕೆ ೫ ಕೋಟಿ.

ದಾರಿಯಲ್ಲಿ ಎದುರಾಗುವ ಅಪಾಯಗಳು

೧. ಒಣಗಿಸುವಿಕೆ: ಅಣುಜೀವಿಯ ದೇಹದ ಬಹುಪಾಲು ನೀರು. ಹಿಮದಲ್ಲಿ ಗಟ್ಟಿಮಾಡಿ ಒಣಗಿಸುವಾಗ ಮಂಜಿನ ಹರಳುಗಳು ಜೀವಕೋಶದ ಪೊರೆಯನ್ನು ಚುಚ್ಚುತ್ತವೆ. ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸುವಾಗ ಒಳಬರುವ ಗಾಳಿಯ ಉಷ್ಣತೆ ೧೫೦ರಿಂದ ೨೦೦ ಡಿಗ್ರಿ ಸೆಂಟಿಗ್ರೇಡ್ ಇರುವುದುಂಟು. ನೀರು ಆವಿಯಾಗುವಾಗ ಹನಿ ತಂಪಾಗುವುದರಿಂದ ಜೀವಿಗಳೆಲ್ಲ ಸಾಯುವುದಿಲ್ಲ. ಹೊರಹೋಗುವ ಗಾಳಿಯ ಬಿಸಿ ಹೆಚ್ಚಿದಷ್ಟೂ ಸಾವು ಹೆಚ್ಚು. ಆ ಬಿಸಿಯನ್ನು ತೀರ ತಗ್ಗಿಸಿದರೆ ಪುಡಿಯಲ್ಲಿ ತೇವ ಉಳಿದು ಮುಂದೆ ಕೆಡುತ್ತದೆ.

೨. ಗಾಳಿ, ತೇವ ಮತ್ತು ಬಿಸಿ: ಬೈಫಿಡೋಬ್ಯಾಕ್ಟೀರಿಯಂ ಜೀವಿಗಳಿಗೆ ಗಾಳಿಯ ಆಮ್ಲಜನಕವೇ ವಿಷ. ಒಣ ಪುಡಿ ತೇವ ಹೀರಿಕೊಂಡರೆ ಮಲಗಿದ್ದ ಜೀವಿಗಳು ಅರೆಬರೆ ಎಚ್ಚೆತ್ತು, ಆಹಾರವಿಲ್ಲದೆ ಸಾಯುತ್ತವೆ. ಬಿತ್ತನೆ ಬೀಜದ ದಾಸ್ತಾನಿನಲ್ಲಿ ಆಗುವಂತೆಯೇ ಇಲ್ಲಿಯೂ ತೇವ ಮತ್ತು ಶಾಖ ಒಟ್ಟುಗೂಡಿದರೆ ನಷ್ಟ ಬೇಗ.

೩. ಆಹಾರದ ಹುಳಿ: ಮೊಸರು ಹೆಪ್ಪಾದ ಮೇಲೆಯೂ ನಿಧಾನವಾಗಿ ಹುಳಿಯುತ್ತಲೇ ಇರುತ್ತದೆ. ರಸಸಾರ ೪.೫ಕ್ಕಿಂತ ಕೆಳಗಿಳಿದಂತೆ ಅನೇಕ ಹಿತಕಾರಿ ತಳಿಗಳು ಕ್ಷೀಣಿಸುತ್ತವೆ.

೪. ಜಠರಾಮ್ಲ: ಬರಿ ಹೊಟ್ಟೆಯಲ್ಲಿ ಜಠರದ ರಸಸಾರ ೧.೫ರಿಂದ ೩ರ ಸುಮಾರಿನಲ್ಲಿರುತ್ತದೆ. ಮಲೆನಾಡಿನ ಹುಳಿ ಮಣ್ಣಿನ ರಸಸಾರ ೫ರ ಆಸುಪಾಸು ಎಂಬುದನ್ನು ನೆನೆದರೆ ಈ ಹುಳಿಯ ತೀಕ್ಷ್ಣತೆ ಅರಿವಾಗುತ್ತದೆ. ರಸಸಾರದಲ್ಲಿ ಒಂದು ಅಂಕ ಇಳಿದರೆ ಹುಳಿ ೧೦ ಪಟ್ಟು ಏರಿದಂತೆ.

೫. ಪಿತ್ತರಸ: ಜಠರ ದಾಟಿ ಸಣ್ಣ ಕರುಳಿಗೆ ಬಂದೊಡನೆ ಪಿತ್ತರಸ ಎದುರಾಗುತ್ತದೆ. ಸಾಬೂನು ಜಿಡ್ಡನ್ನು ತೊಳೆಯುವಂತೆ ಪಿತ್ತದ ಲವಣಗಳು ಜೀವಕೋಶದ ಜಿಡ್ಡಿನ ಪೊರೆಯನ್ನು ಸಡಿಲಿಸುತ್ತವೆ. ಮೊಸರು ಹೆಪ್ಪುಗಟ್ಟಿಸುವ ಕೆಲವು ಜೀವಿಗಳು ಇಲ್ಲಿ ಬಹಳವಾಗಿ ನಾಶವಾಗುತ್ತವೆ.

ಕವಚದ ಕಲ್ಪನೆ ಹೊಸದಲ್ಲ

ರೈತನಿಗೆ ಈ ಕಲ್ಪನೆ ಅಪರಿಚಿತವಲ್ಲ. ಹುಳಿ ಮಣ್ಣಿನಲ್ಲಿ ದ್ವಿದಳ ಧಾನ್ಯ ಬಿತ್ತುವಾಗ, ರೈಜೋಬಿಯಂ ಲೇಪಿಸಿದ ಬೀಜದ ಮೇಲೆ ಅಂಟಿನ ಸಹಾಯದಿಂದ ನಯವಾದ ಸುಣ್ಣದ ಕಲ್ಲಿನ ಪುಡಿ ಹೊದಿಸುವ ಪದ್ಧತಿಯಿದೆ. ಆಸ್ಟ್ರೇಲಿಯಾದ ಹುಳಿ ಮಣ್ಣಿನ ಹುಲ್ಲುಗಾವಲುಗಳಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. ಸುಣ್ಣದ ಪದರ ಹುಳಿಯನ್ನು ತಡೆದು, ಬೇರು ಮೂಡುವವರೆಗೆ ಜೀವಿಗಳನ್ನು ಕಾಯುತ್ತದೆ. ಹೊಟ್ಟೆಗೆ ಹೋಗುವ ಅಣುಜೀವಿಗೆ ಕಟ್ಟುವ ಕವಚದ ತತ್ವವೂ ಇದೇ.

ಅತಿ ಸಣ್ಣ ಗುಳಿಗೆಗಳಲ್ಲಿ ವಸ್ತುವನ್ನು ಬಂಧಿಸುವ ತಂತ್ರ ಮೊದಲು ರೂಪುಗೊಂಡದ್ದು ಆಹಾರಕ್ಕಾಗಿ ಅಲ್ಲ. ೧೯೫೦ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಸಂಗಡಿಗರು, ಇಂಗಾಲದ ಹಾಳೆ ಇಲ್ಲದೆಯೇ ನಕಲು ಮೂಡಿಸುವ ಕಾಗದಕ್ಕಾಗಿ ಬಣ್ಣದ ಹನಿಗಳನ್ನು ಜೆಲಾಟಿನ್ ಕವಚದಲ್ಲಿ ಬಂಧಿಸಿದರು. ಲೇಖನಿಯ ಒತ್ತಡಕ್ಕೆ ಕವಚ ಒಡೆದು ಅಕ್ಷರ ಮೂಡುತ್ತಿತ್ತು. ಬೇಕಾದ ಕಡೆ, ಬೇಕಾದ ಹೊತ್ತಿಗೆ ಒಡೆಯುವ ಕವಚ ಎಂಬ ಈ ವಿಚಾರವೇ ಮುಂದೆ ಔಷಧ ಮತ್ತು ಆಹಾರಕ್ಕೆ ಬಂದಿತು.

ಕಡಲ ಪಾಚಿಯ ಮಣಿಗಳು

ಅಣುಜೀವಿಗಳಿಗೆ ಕವಚ ಕಟ್ಟಲು ಹೆಚ್ಚು ಬಳಕೆಯಲ್ಲಿರುವ ವಸ್ತು ಆಲ್ಜಿನೇಟ್. ಇದು ಕಂದು ಬಣ್ಣದ ಕಡಲ ಪಾಚಿಯಿಂದ ದೊರೆಯುವ ಲೋಳೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ ಸಿಗುವ ಸರ್ಗಾಸಂ, ಟರ್ಬಿನೇರಿಯ ಎಂಬ ಪಾಚಿಗಳಲ್ಲಿಯೂ ಇದು ಇದೆ. ಬಿಸಿ ಮಾಡದೆಯೇ ಗಟ್ಟಿಯಾಗುವುದು ಇದರ ದೊಡ್ಡ ಗುಣ. ಜೀವಿಗಳನ್ನು ಬೇಯಿಸದೆ ಬಂಧಿಸಬಹುದು.

ಪ್ರಯೋಗಶಾಲೆಯಲ್ಲಿ ಅನುಸರಿಸುವ ಕ್ರಮ ಹೀಗಿದೆ:

(ಅ) ಅಣುಜೀವಿಗಳನ್ನು ಬೆಳೆಸಿ, ಕಡೆಯುವ ಯಂತ್ರದಲ್ಲಿ ಬೇರ್ಪಡಿಸಿ, ತೊಳೆಯಲಾಗುವುದು.

(ಆ) ಶೇಕಡ ೨ರಷ್ಟು ಸೋಡಿಯಂ ಆಲ್ಜಿನೇಟ್ ದ್ರಾವಣವನ್ನು ಶುದ್ಧೀಕರಿಸಿ, ಆರಿಸಿ, ಅದರಲ್ಲಿ ಜೀವಿಗಳನ್ನು ಬೆರೆಸಲಾಗುವುದು.

(ಇ) ಈ ಮಿಶ್ರಣವನ್ನು ಸೂಜಿಯ ಮೂಲಕ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಡಲಾಗುವುದು. ಹನಿ ಬಿದ್ದ ಕ್ಷಣದಲ್ಲಿಯೇ ಹೊರಮೈ ಗಟ್ಟಿಯಾಗಿ ಸಬ್ಬಕ್ಕಿಯಂಥ ಮಣಿಯಾಗುತ್ತದೆ.

(ಈ) ಸುಮಾರು ಅರ್ಧ ಗಂಟೆ ಹಾಗೆಯೇ ಬಿಟ್ಟು, ಸೋಸಿ, ತೊಳೆದು, ಬೇಕಿದ್ದರೆ ಎರಡನೆಯ ಪದರ ಹೊದಿಸಿ ಒಣಗಿಸಲಾಗುವುದು.

ಹನಿ ಹೇಗೆ ಗಟ್ಟಿಯಾಗುತ್ತದೆ? ಆಲ್ಜಿನೇಟ್ ಎಂಬುದು ಉದ್ದನೆಯ ಸರಪಳಿ. ಅದರ ಕೆಲವು ಭಾಗಗಳು ಮೊಟ್ಟೆ ಇಡುವ ತಟ್ಟೆಯಂತೆ ಗುಳಿಗುಳಿಯಾಗಿವೆ. ಎರಡು ಸರಪಳಿಗಳು ಎದುರುಬದುರಾದಾಗ ಆ ಗುಳಿಗಳಲ್ಲಿ ಕ್ಯಾಲ್ಸಿಯಂ ಕಣಗಳು ಮೊಟ್ಟೆಗಳಂತೆ ಕುಳಿತು ಎರಡನ್ನೂ ಹಿಡಿದಿಡುತ್ತವೆ. ೧೯೭೩ರಲ್ಲಿ ವಿಜ್ಞಾನಿಗಳು ಮುಂದಿಟ್ಟ ಈ ವಿವರಣೆಗೆ ಮೊಟ್ಟೆ ಪೆಟ್ಟಿಗೆಯ ಮಾದರಿ ಎಂದೇ ಹೆಸರು. ಹೀಗೆ ಉಂಟಾದ ಬಲೆಯ ಕಣ್ಣುಗಳು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತ, ಬಹಳ ಸಣ್ಣವು. ಅಣುಜೀವಿ ಹೊರಗೆ ಬರಲಾರದು. ನೀರು ಮತ್ತು ಆಹಾರ ಒಳಗೆ ಹೋಗಬಲ್ಲವು.

ಇದೇ ಮಣಿ ಹೊಟ್ಟೆಯಲ್ಲಿ ನಡೆದುಕೊಳ್ಳುವ ರೀತಿ ಗಮನಾರ್ಹವಾದುದು. ಜಠರದ ಹುಳಿಯಲ್ಲಿ ಆಲ್ಜಿನೇಟ್ ಕರಗುವುದಿಲ್ಲ. ಬದಲಾಗಿ ಕುಗ್ಗಿ ಬಿಗಿಯಾಗುತ್ತದೆ. ಸಣ್ಣ ಕರುಳಿಗೆ ಬಂದಾಗ ರಸಸಾರ ೬ರಿಂದ ೭ರ ಮೇಲಕ್ಕೆ ಏರುತ್ತದೆ. ಅಲ್ಲಿರುವ ಸೋಡಿಯಂ ಮತ್ತು ಫಾಸ್ಫೇಟ್‌ಗಳು ಕ್ಯಾಲ್ಸಿಯಂ ಅನ್ನು ಗುಳಿಗಳಿಂದ ಕಿತ್ತುಕೊಳ್ಳುತ್ತವೆ. ಬಲೆ ಸಡಿಲವಾಗಿ, ಮಣಿ ಉಬ್ಬಿ, ನಿಧಾನವಾಗಿ ಬಿಚ್ಚಿಕೊಂಡು ಜೀವಿಗಳನ್ನು ಹೊರಬಿಡುತ್ತದೆ. ಹುಳಿಯಲ್ಲಿ ಮುಚ್ಚಿಕೊಂಡು ಕರುಳಿನಲ್ಲಿ ತೆರೆದುಕೊಳ್ಳುವ ಈ ಬಾಗಿಲೇ ಆಲ್ಜಿನೇಟ್ ಮಣಿಯ ವಿಶೇಷ.

ಕೊರತೆಗಳೂ ಇವೆ. ಅಣುಜೀವಿ ಹೊರಬರಲಾರದ ಕಿಂಡಿಯಲ್ಲಿ ಹುಳಿ ಒಳಹೋಗಬಲ್ಲುದು. ಮಣಿ ಹುಳಿಯನ್ನು ಪೂರ್ತಿ ತಡೆಯುವುದಿಲ್ಲ, ಅದರ ಪ್ರವೇಶವನ್ನು ನಿಧಾನಗೊಳಿಸುತ್ತದೆ ಅಷ್ಟೆ. ಮಣಿ ದಪ್ಪನಾಗಿದ್ದರೆ ಹುಳಿ ನಡುವನ್ನು ತಲಪಲು ಹೊತ್ತು ಬೇಕು. ತೀರ ಸಣ್ಣದಾದರೆ ಕ್ಷಣದಲ್ಲಿ ತಲಪುತ್ತದೆ. ೨೦೦೨ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೦೦ ಮೈಕ್ರಾನ್‌ಗಿಂತ ಸಣ್ಣ ಆಲ್ಜಿನೇಟ್ ಮಣಿಗಳು ಬೈಫಿಡೋಬ್ಯಾಕ್ಟೀರಿಯಂ ಜೀವಿಗಳನ್ನು ಕೃತಕ ಜಠರರಸದಿಂದ ಗಣನೀಯವಾಗಿ ಕಾಪಾಡಲಿಲ್ಲ. ಹಾಗೆಂದು ಮಣಿಯನ್ನು ದಪ್ಪ ಮಾಡಿದರೆ ಮೊಸರಿನಲ್ಲಿ ಮರಳು ಬಾಯಿಗೆ ಸಿಕ್ಕಂತಾಗಿ ಜನ ತಿನ್ನರು. ತಯಾರಕರು ಈ ಎರಡರ ನಡುವೆ ಹದ ನೋಡಬೇಕಾಗುತ್ತದೆ.

ಈ ಕೊರತೆಯನ್ನು ತುಂಬಲು ಹಲವು ಉಪಾಯಗಳಿವೆ. ಮಣಿಯೊಳಗೆ ಹಾಲಿನ ಪ್ರೋಟೀನು, ಸುಲಭವಾಗಿ ಜೀರ್ಣವಾಗದ ಜೋಳದ ಪಿಷ್ಟ ಅಥವಾ ಹುಳಿ ಮುರಿಯುವ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಸೇರಿಸುತ್ತಾರೆ. ಹೊರಗೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನ್ ಎಂಬ ವಸ್ತುವಿನ ಪದರ ಹೊದಿಸುತ್ತಾರೆ. ಕೈಟೋಸಾನ್ ಮತ್ತು ಆಲ್ಜಿನೇಟ್ ವಿರುದ್ಧ ವಿದ್ಯುದಂಶ ಉಳ್ಳವಾದ್ದರಿಂದ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಕೈಟೋಸಾನ್ ಮತ್ತು ಜೆಲಾಟಿನ್ ಪ್ರಾಣಿಮೂಲದವು. ಸಸ್ಯಾಹಾರಿಗಳು ಕೊಳ್ಳುವಾಗ ಲೇಬಲ್ಲಿನ ಹಸಿರು ಗುರುತನ್ನು ನೋಡುವುದು ಒಳ್ಳೆಯದು.

ಒಣ ಪುಡಿಯ ಕವಚ

ಮಣಿಗಳಲ್ಲದೆ ಪುಡಿಯ ರೂಪದಲ್ಲಿಯೂ ಕವಚ ಕಟ್ಟಬಹುದು. ಕೆನೆ ತೆಗೆದ ಹಾಲು, ಚೀಸ್ ತಯಾರಿಕೆಯಲ್ಲಿ ಉಳಿಯುವ ತಿಳಿಯ ಪ್ರೋಟೀನು, ಟ್ರಿಹಲೋಸ್ ಮುಂತಾದ ಸಕ್ಕರೆಗಳೊಡನೆ ಜೀವಿಗಳನ್ನು ಬೆರೆಸಿ ಒಣಗಿಸುತ್ತಾರೆ. ನೀರು ಹೋದಾಗ ಪೊರೆಯ ಸುತ್ತ ನೀರಿನ ಜಾಗದಲ್ಲಿ ಸಕ್ಕರೆ ನಿಂತು, ಪೊರೆ ಕುಸಿಯದಂತೆ ತಡೆಯುತ್ತದೆ. ಮಳೆಯಿಲ್ಲದಾಗ ಒಣಗಿ, ಮಳೆ ಬಂದಾಗ ಚಿಗುರುವ ಕೆಲವು ಸಸ್ಯಗಳೂ ಇದೇ ಬಗೆಯ ಸಕ್ಕರೆಗಳ ನೆರವು ಪಡೆಯುತ್ತವೆ. ಪಶು ಆಹಾರಕ್ಕಾದರೆ ಒಣಗಿದ ಪುಡಿಯನ್ನು ಗಾಳಿಯಲ್ಲಿ ತೇಲಿಸಿ, ಅದರ ಮೇಲೆ ಕರಗಿದ ಗಟ್ಟಿ ಕೊಬ್ಬನ್ನು ಸಿಂಪಡಿಸಿ ಹೊದಿಸುವ ಕ್ರಮವೂ ಇದೆ. ಕೊಬ್ಬು ತೇವವನ್ನು ಚೆನ್ನಾಗಿ ತಡೆಯುತ್ತದೆ. ಕರುಳಿನ ಪಾಚಕ ರಸಗಳಿಂದ ಕರಗುತ್ತದೆ.

ಕವಚ ಮಾಡಲಾರದ ಕೆಲಸ

ಕವಚವಿದ್ದರೆ ಏನು ಮಾಡಿದರೂ ನಡೆಯುವುದೆಂದು ಭಾವಿಸುವುದು ತಪ್ಪು. ಒದ್ದೆ ಶಾಖದ ಮುಂದೆ ಆಲ್ಜಿನೇಟ್ ಮಣಿಯ ಬಲ ಬಹಳ ಕಡಮೆ. ಮಣಿಯ ಹೆಚ್ಚು ಭಾಗ ನೀರೇ ಆಗಿರುವುದರಿಂದ ಬಿಸಿ ತಡವಿಲ್ಲದೆ ಒಳಗೆ ಮುಟ್ಟುತ್ತದೆ. ಕುದಿಯುವ ಸಾರು, ಹಬೆಯಲ್ಲಿ ಬೇಯುವ ಇಡ್ಲಿ ಇಂಥ ಕಡೆ ಲ್ಯಾಕ್ಟೋಬ್ಯಾಸಿಲಸ್ ಜೀವಿಗಳು ಉಳಿಯುವುದಿಲ್ಲ. ಇಡ್ಲಿ ಹಿಟ್ಟು ಹುದುಗಿದ್ದರಿಂದ ರುಚಿ ಹಾಗೂ ಪಚನ ಗುಣ ಹೆಚ್ಚುವುದು ನಿಜ. ಆದರೆ ತಟ್ಟೆಗೆ ಬಂದ ಇಡ್ಲಿಯಲ್ಲಿ ಆ ಜೀವಿಗಳು ಜೀವಂತವಾಗಿರುವುದಿಲ್ಲ.

ಶಾಖವನ್ನು ತಾಳಬಲ್ಲ ಜೀವಿಗಳು ಬೇರೆ ಇವೆ. ಬ್ಯಾಸಿಲಸ್ ಕೊಯಾಗ್ಯುಲನ್ಸ್ ಎಂದು ಬಹುಕಾಲ ಕರೆಯಲಾದ ಜೀವಿ ಪ್ರತಿಕೂಲ ಕಾಲದಲ್ಲಿ ತಾನೇ ಗಟ್ಟಿ ಕವಚ ಕಟ್ಟಿಕೊಂಡು ಬೀಜಕವಾಗಿ ಮಲಗುತ್ತದೆ. ಹುಳಿ, ಒಣಗು, ಮಟ್ಟಸವಾದ ಶಾಖ ಇವುಗಳಿಗೆ ಅದು ಅಂಜುವುದಿಲ್ಲ. ಕರುಳಿನ ಅನುಕೂಲ ಪರಿಸರ ಸಿಕ್ಕಾಗ ಮೊಳೆಯುತ್ತದೆ. ಮಾನವನು ಪ್ರಯೋಗಶಾಲೆಯಲ್ಲಿ ಕಟ್ಟುವ ಕವಚಕ್ಕೆ ನಿಸರ್ಗದ ಈ ಕವಚವೇ ಗುರು ಎನ್ನಬಹುದು. ಆದರೆ ಒಂದು ತಳಿಯ ಕೆಲಸವನ್ನು ಇನ್ನೊಂದು ಮಾಡಲಾರದು. ಶಾಖ ತಾಳುತ್ತದೆಂಬ ಒಂದೇ ಕಾರಣಕ್ಕೆ ಅದು ಎಲ್ಲಕ್ಕೂ ಮದ್ದಾಗದು.

ಕೊಟ್ಟಿಗೆಯಲ್ಲಿ ಮತ್ತು ಕೋಳಿಮನೆಯಲ್ಲಿ

೧೯೭೩ರಲ್ಲಿ ಫಿನ್‌ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು ಮುಖ್ಯ ಸಂಗತಿಯೊಂದನ್ನು ಪ್ರಕಟಿಸಿದರು. ಆಗತಾನೆ ಹೊರಬಂದ ಕೋಳಿಮರಿಗಳಿಗೆ ಆರೋಗ್ಯವಂತ ದೊಡ್ಡ ಕೋಳಿಗಳ ಕರುಳಿನ ಅಣುಜೀವಿಗಳನ್ನು ಕೊಟ್ಟಾಗ ಸಾಲ್ಮೊನೆಲ್ಲ ರೋಗಾಣು ನೆಲೆಯೂರುವುದು ಕಡಮೆಯಾಯಿತು. ಹೊಲದಲ್ಲಿ ಬೆಳೆ ದಟ್ಟವಾಗಿ ಎದ್ದರೆ ಕಳೆಗೆ ಜಾಗ ಸಿಗದು. ಅದೇ ನ್ಯಾಯ ಇಲ್ಲಿಯೂ.

ಈ ವಿಷಯಕ್ಕೆ ಇಂದು ಹೆಚ್ಚಿನ ಮಹತ್ವ ಬಂದಿದೆ. ಬೆಳವಣಿಗೆಗಾಗಿ ಮೇವಿನಲ್ಲಿ ಪ್ರತಿಜೀವಕ ಔಷಧ ಬೆರೆಸುವುದನ್ನು ಯುರೋಪಿನ ಒಕ್ಕೂಟ ೨೦೦೬ರ ಜನವರಿಯಿಂದ ನಿಲ್ಲಿಸಿತು. ನಮ್ಮ ದೇಶದಲ್ಲಿ ೨೦೧೯ರಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದು ನಿಷಿದ್ಧವಾಯಿತು. ಮನುಷ್ಯರ ಕಠಿಣ ರೋಗಗಳಿಗೆ ಉಳಿದಿರುವ ಕೊನೆಯ ಮದ್ದುಗಳಲ್ಲಿ ಅದೂ ಒಂದು. ಕೋಳಿಮನೆಯಲ್ಲಿ ಅದನ್ನು ಮನಬಂದಂತೆ ಬಳಸಿ ರೋಗಾಣುಗಳನ್ನು ಪಳಗಿಸಿದರೆ ನಾಳೆ ಮನೆಯ ಮಗುವಿಗೆ ಮದ್ದು ನಾಟದು. ಹಿತಕಾರಿ ಅಣುಜೀವಿಗಳು ಈ ಔಷಧಗಳ ಬಳಕೆಯನ್ನು ತಗ್ಗಿಸಲು ನೆರವಾಗಬಲ್ಲವು.

ಗುಳಿಗೆಯಾಕಾರದ ಮೇವನ್ನು ಹಬೆಯಲ್ಲಿ ೭೦ರಿಂದ ೯೦ ಡಿಗ್ರಿಯವರೆಗೆ ಕಾಯಿಸಿ ಒತ್ತುತ್ತಾರೆ. ಬೀಜಕ ಕಟ್ಟದ ಜೀವಿಗಳು ಇಲ್ಲಿ ಬಹುಪಾಲು ಸಾಯುತ್ತವೆ. ಅಂಥ ಜೀವಿಗಳನ್ನು ಮೇವು ತಣ್ಣಗಾದ ಮೇಲೆ ಸೇರಿಸಬೇಕು, ಇಲ್ಲವೆ ಕುಡಿಯುವ ನೀರಿನಲ್ಲಿ ಕೊಡಬೇಕು. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಅದೂ ಅವುಗಳನ್ನು ಕೊಲ್ಲುತ್ತದೆ. ಕರುಗಳ ವಿಷಯದಲ್ಲಿ ಮೊದಲ ರಕ್ಷಣೆ ಗಿಣ್ಣು ಹಾಲು. ಹುಟ್ಟಿದ ಎರಡು ಗಂಟೆಯೊಳಗೆ ಅದನ್ನು ಕುಡಿಸಬೇಕು. ಯಾವ ಪೊಟ್ಟಣವೂ ಗಿಣ್ಣಿಗೆ ಬದಲಾಗದು. ಅಣುಜೀವಿ ಪುಡಿ ಕೊಡುವುದಾದರೆ ಉಗುರುಬೆಚ್ಚಗಿನ ಹಾಲಿನಲ್ಲಿ ಕದಡಿ ಕೊಡುವುದು ಮೇಲು. ಎಳೆಗರು ಹಾಲು ಚೀಪುವಾಗ ಅನ್ನನಾಳದ ಕೊನೆಯ ಕಾಲುವೆ ಮುಚ್ಚಿಕೊಂಡು, ಹಾಲು ಮೊದಲ ಹೊಟ್ಟೆಗೆ ಹೋಗದೆ ನೇರವಾಗಿ ನಿಜ ಜಠರಕ್ಕೆ ಇಳಿಯುತ್ತದೆ.

ಕೊಳ್ಳುವಾಗ ಮತ್ತು ಬಳಸುವಾಗ ಗಮನಿಸಬೇಕಾದ ಅಂಶಗಳು

೧. ಲೇಬಲ್ಲಿನ ಮೇಲೆ ಜೀವಿಯ ಪೂರ್ಣ ಹೆಸರು ಮತ್ತು ತಳಿಯ ಗುರುತು ಇರಬೇಕು. ಬರಿಯ ಪ್ರೊಬಯಾಟಿಕ್ ಎಂಬ ಪದ ಸಾಲದು.

೨. ತಯಾರಾದ ದಿನದ ಸಂಖ್ಯೆಯನ್ನಲ್ಲ, ಅವಧಿ ಮುಗಿಯುವ ದಿನದವರೆಗೆ ಇರುವ ಜೀವಂತ ಸಂಖ್ಯೆಯನ್ನು ನೋಡಬೇಕು.

೩. ತಂಪಿನಲ್ಲಿಡಿ ಎಂದು ಬರೆದಿದ್ದರೆ ಅಂಗಡಿಯವರು ಹಾಗೆಯೇ ಇಟ್ಟಿದ್ದಾರೆಯೇ ಎಂದು ನೋಡಬೇಕು. ಬಿಸಿಲು ಬೀಳುವ ಕಪಾಟಿನಲ್ಲಿದ್ದರೆ ಕೊಳ್ಳಬಾರದು. ಸಂತೆಯಿಂದ ಮನೆಗೆ ತರುವಾಗಲೂ ಬಿಸಿಲಿಗೆ ಒಡ್ಡಬಾರದು.

೪. ಪೊಟ್ಟಣ ಒಡೆದ ಮೇಲೆ ಒದ್ದೆ ಚಮಚ ಹಾಕಬಾರದು. ಬೇಗ ಬಳಸಿ ಮುಗಿಸಬೇಕು.

೫. ಬಿಸಿ ಹಾಲು, ಬಿಸಿ ನೀರಿನಲ್ಲಿ ಕದಡಬಾರದು. ಬೇರೆ ಸೂಚನೆ ಇಲ್ಲದಿದ್ದರೆ ಊಟದೊಡನೆ ಅಥವಾ ಹಾಲಿನೊಡನೆ ಸೇವಿಸಬೇಕು. ಆಹಾರ ಜಠರದ ಹುಳಿಯನ್ನು ತಗ್ಗಿಸುವುದರಿಂದ ಅದೂ ಒಂದು ಕವಚವೇ.

೬. ಕವಚವಿರುವ ಮಣಿಗಳನ್ನು ಅರೆಯಬಾರದು, ಅಗಿಯಬಾರದು. ಕವಚ ಒಡೆದರೆ ಅದಕ್ಕೆ ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥ.

೭. ಪ್ರತಿಜೀವಕ ಔಷಧದೊಡನೆ ಒಂದೇ ಹೊತ್ತಿನಲ್ಲಿ ಕೊಡಬಾರದು. ವೈದ್ಯರು ಅಥವಾ ಪಶುವೈದ್ಯರು ಹೇಳಿದ ಅಂತರ ಬಿಡಬೇಕು.

೮. ಮಕ್ಕಳಿಗೆ ಭೇದಿಯಾದಾಗ ಮೊದಲು ಕೊಡಬೇಕಾದದ್ದು ಓ.ಆರ್.ಎಸ್. ದ್ರಾವಣ. ಪ್ರೊಬಯಾಟಿಕ್ ಅದರ ಬದಲಿಯಲ್ಲ. ತೀರ ನಿತ್ರಾಣ ರೋಗಿಗಳಿಗೂ ತಿಂಗಳು ತುಂಬದ ಶಿಶುಗಳಿಗೂ ವೈದ್ಯರನ್ನು ಕೇಳದೆ ಕೊಡಕೂಡದು.

ಮನೆಯ ಮೊಸರು, ಮಜ್ಜಿಗೆ

ಹಾಗಾದರೆ ಮನೆಯ ಮೊಸರಿನ ಗತಿಯೇನು ಎಂಬ ಪ್ರಶ್ನೆ ಬರಬಹುದು. ಮನೆಯ ಹೆಪ್ಪಿನಲ್ಲಿ ಯಾವ ಜೀವಿಗಳು ಎಷ್ಟಿವೆ ಎಂಬುದು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಅದನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಪ್ರೊಬಯಾಟಿಕ್ ಎನ್ನಲಾಗದು. ಆದರೂ ಅದು ಉತ್ತಮ ಆಹಾರ. ಯೋಗರ್ಟ್ ಎಂಬ ಮೊಸರಿನ ಜೀವಂತ ಜೀವಿಗಳು ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲು ನೆರವಾಗುತ್ತವೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ೨೦೧೦ರಲ್ಲಿ ಒಪ್ಪಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಮೊಸರು ಒಗ್ಗುವುದು ಇದರಿಂದಲೇ.

ಇದರ ಪ್ರಯೋಜನ ಉಳಿಸಿಕೊಳ್ಳಲು ಖರ್ಚೇನೂ ಇಲ್ಲ. ಹಾಲು ೪೦ ಡಿಗ್ರಿಯ ಸುಮಾರಿಗೆ, ಅಂದರೆ ಬೆರಳಿಟ್ಟರೆ ಹಿತವಾದ ಬಿಸಿಗೆ, ಇಳಿದ ಮೇಲೆ ಹೆಪ್ಪು ಹಾಕಬೇಕು. ಮೊಸರನ್ನು ಅತಿಯಾಗಿ ಹುಳಿಯಲು ಬಿಡಬಾರದು. ರಾಗಿ ಅಂಬಲಿಯನ್ನು ಕಾಯಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ ಕುಡಿಯುವ ನಮ್ಮ ಹಿರಿಯರ ರೂಢಿ ಈ ದೃಷ್ಟಿಯಿಂದ ಬಹಳ ಸರಿಯಾದದ್ದು. ಬಿಸಿ ಅಂಬಲಿಗೇ ಮಜ್ಜಿಗೆ ಸುರಿದರೆ ರುಚಿ ಉಳಿದೀತು, ಜೀವಿಗಳು ಉಳಿಯವು. ಲಸ್ಸಿ, ಮಜ್ಜಿಗೆ ತಯಾರಿಸಿ ಮಾರುವ ಮಹಿಳಾ ಸಂಘಗಳೂ ಬಿಸಿ ಮಾಡುವ ಕೆಲಸವನ್ನೆಲ್ಲ 
ಮೊದಲು ಮುಗಿಸಿ, ತಣಿಸಿ, ಅಣುಜೀವಿಗಳನ್ನು ಕೊನೆಯಲ್ಲಿ ಸೇರಿಸುವ ಕ್ರಮವನ್ನು ಅನುಸರಿಸಬೇಕು.

ಹೊಲಕ್ಕೂ ಬಂದ ಮಣಿ

ಇದೇ ಆಲ್ಜಿನೇಟ್ ಮಣಿ ಹೊಲಕ್ಕೂ ಕಾಲಿಟ್ಟಿದೆ. ೧೯೮೬ರಲ್ಲಿ ಯೋವ್ ಬಷಾನ್ ಎಂಬ ವಿಜ್ಞಾನಿ ಅಜೋಸ್ಪಿರಿಲಂ ಜೀವಿಗಳನ್ನು ಇಂಥ ಮಣಿಗಳಲ್ಲಿ ಬಂಧಿಸಿ, ಅವು ಮಣ್ಣಿನಲ್ಲಿ ನಿಧಾನವಾಗಿ ಹೊರಬರುವಂತೆ ಮಾಡಬಹುದೆಂದು ತೋರಿಸಿದನು. ಬೆಲೆ ಹೆಚ್ಚಾದ್ದರಿಂದ ಲಿಗ್ನೈಟ್ ಪುಡಿಯ ಪೊಟ್ಟಣಗಳ ಜಾಗವನ್ನು ಅವು ಪೂರ್ತಿಯಾಗಿ ತೆಗೆದುಕೊಂಡಿಲ್ಲ. ಆದರೆ ಬೇರಿನ ಜೀವಿಗೂ ಕರುಳಿನ ಜೀವಿಗೂ ಬೇಕಾದ ಆರೈಕೆ ಒಂದೇ ಎಂಬುದು ಇದರಿಂದ ತಿಳಿದುಬರುತ್ತದೆ.

ಒಟ್ಟಿನಲ್ಲಿ, ಸೂಕ್ಷ್ಮ ಕವಚ ಉಪಯುಕ್ತವಾದ ಸಾಧನ. ಆದರೆ ಅದು ಸರಪಳಿಯ ಒಂದು ಕೊಂಡಿ ಮಾತ್ರ. ಸರಿಯಾದ ತಳಿ, ತಣ್ಣನೆಯ ದಾಸ್ತಾನು, ಅವಧಿಯೊಳಗಿನ ಬಳಕೆ, ಬಿಸಿ ತಾಗದ ಕೈ ಇವು ಉಳಿದ ಕೊಂಡಿಗಳು. ಇವುಗಳಲ್ಲಿ ಕೊನೆಯ ಮೂರು ರೈತನ ಮತ್ತು ಗೃಹಿಣಿಯ ಕೈಯಲ್ಲಿಯೇ ಇವೆ. ಅಣುಜೀವಿ ಪೊಟ್ಟಣವನ್ನು ಔಷಧದ ಪುಡಿಯೆಂದು ಎಣಿಸದೆ, ಮೊಳಕೆ ಕಾಯ್ದುಕೊಳ್ಳಬೇಕಾದ ಬಿತ್ತನೆ ಬೀಜವೆಂದು ಎಣಿಸಿ ನಡೆದುಕೊಂಡರೆ ಕೊಟ್ಟ ಹಣಕ್ಕೆ ತಕ್ಕ ಫಲ ದೊರೆಯುತ್ತದೆ.